ಪಿಯುಸಿಯೇ ಫೌಂಡೇಶನ್ ಇಯರ್ ಆಗಿತ್ತು

ವಿಜಯಪುರದ ಯಾವ ದೊಡ್ಡ ರಸ್ತೆಯಲ್ಲಿ ನಿಂತು ತಲೆ ಎತ್ತಿದರೂ ಒಂದಾದರೂ ಬೋರ್ಡಿನಲ್ಲಿ 'ಫೌಂಡೇಶನ್' ಅನ್ನೋ ಮಾತು ಕಾಣುತ್ತದೆ. 8, 9, 10ನೇ ತರಗತಿಯ ಮಕ್ಕಳಿಗೆ ನೀಟ್ ಫೌಂಡೇಶನ್. ನಮ್ಮಲ್ಲಿ ಆ ಪದಕ್ಕೆ ಈಗ ಇರೋದು ಅದೊಂದೇ ಅರ್ಥ: ಪರೀಕ್ಷೆಯ ತಯಾರಿಯನ್ನು ಮೂರು ವರ್ಷ ಮೊದಲೇ ಶುರು ಮಾಡುವುದು.

ಹೋದ ಮೇ ತಿಂಗಳಲ್ಲಿ ಜಮಖಂಡಿಯಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ನೀಟ್ ಬರೆದು ಬಂದಿದ್ದಳು, ಸರಿ ಹೋಗಿಲ್ಲ ಅಂತ ಅವಳಿಗೇ ಗೊತ್ತಿತ್ತು.

"ಮಾಮಾ, ಇಂಗ್ಲೆಂಡಿನಾಗ ಬಯಾಲಜಿ ವಿತ್ ಫೌಂಡೇಶನ್ ಇಯರ್ ಅಂತ ಒಂದ್ ಡಿಗ್ರಿ ಐತಂತ. ಅಲ್ಲೂ ಕೋಚಿಂಗ್ ಏನು?"

"ಕೋಚಿಂಗ್ ಅಲ್ಲವ್ವಾ."

"ಮತ್ತ ಒಂದ್ ವರ್ಷ ಯಾಕ ಜಾಸ್ತಿ?"

ನಾನು ಬಿ.ಎಸ್ಸಿ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುವವನು. ಆದರೂ ಅವಳ ಪ್ರಶ್ನೆಗೆ ಫೋನಿನಲ್ಲಿ ಒಂದೇ ಮಾತಿನಲ್ಲಿ ಉತ್ತರ ಹೇಳೋಕೆ ಆಗಲಿಲ್ಲ. ಹಾಗಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಅಲ್ಲಿನ ವಿಷಯ. ಇಂಗ್ಲೆಂಡಿನ ಮಕ್ಕಳು 16ನೇ ವಯಸ್ಸಿಗೆ ಜಿಸಿಎಸ್‌ಇ ಪರೀಕ್ಷೆ ಮುಗಿಸುತ್ತಾರೆ. ಅದು ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ಆಮೇಲೆ ಎರಡು ವರ್ಷ ಎ-ಲೆವೆಲ್. ಅದರಲ್ಲಿ ಸಾಮಾನ್ಯವಾಗಿ ಮೂರೇ ವಿಷಯ. ಒಬ್ಬ ಹುಡುಗಿ ಇತಿಹಾಸ, ಇಂಗ್ಲಿಷ್, ಚಿತ್ರಕಲೆ ತಗೊಂಡಳು, 18ಕ್ಕೆ ಬಂದಾಗ ಜೀವಶಾಸ್ತ್ರದ ಮೇಲೆ ಮನಸ್ಸಾಯಿತು ಅನ್ನಿ. ಅಲ್ಲಿನ ಬಿ.ಎಸ್ಸಿ ಮೂರು ವರ್ಷದ್ದು, ಮೊದಲ ದಿನದಿಂದಲೇ ರಸಾಯನಶಾಸ್ತ್ರ ಗೊತ್ತಿದೆ ಅಂತಲೇ ಪಾಠ ಶುರುವಾಗುತ್ತದೆ. ಇಂಥವಳಿಗಾಗಿ ಪದವಿಯ ಶುರುವಿಗೇ ಇನ್ನೊಂದು ವರ್ಷ ಜೋಡಿಸಿದ್ದಾರೆ. ಕೆಲವು ಕಡೆ ಅದನ್ನು 'ಇಯರ್ ಝೀರೋ' ಅಂತಲೇ ಕರೆಯುತ್ತಾರೆ. ಎಣಿಕೆ ಸೊನ್ನೆಯಿಂದ ಶುರು. ಒಟ್ಟು ನಾಲ್ಕು ವರ್ಷ.

ಆ ಸೊನ್ನೆಯ ವರ್ಷದಲ್ಲಿ ಏನಿರುತ್ತದೆ? ಜೀವಕೋಶ, ಅನುವಂಶೀಯತೆ, ಪರಿಸರ, ಅಷ್ಟು ಇದ್ದೇ ಇರುತ್ತದೆ. ಅದರ ಜೊತೆಗೆ ರಸಾಯನಶಾಸ್ತ್ರ, ಲೆಕ್ಕ, ಒಂದಿಷ್ಟು ಸಂಖ್ಯಾಶಾಸ್ತ್ರ. ಲ್ಯಾಬಿನಲ್ಲಿ ಕೈಕೆಲಸ. ನೋಡಿದ್ದನ್ನು ವರದಿಯಾಗಿ ಬರೆಯುವುದು ಹೇಗೆ ಅನ್ನುವ ಪಾಠ. ಪಾಸಾದರೆ ಮೊದಲ ವರ್ಷಕ್ಕೆ ಹೋಗಬಹುದು, ಇಲ್ಲದಿದ್ದರೆ ಇಲ್ಲ. ರ‍್ಯಾಂಕ್ ಅನ್ನೋದು ಇಲ್ಲ. ಪಕ್ಕದ ಬೆಂಚಿನವನು ಎಷ್ಟು ತಗೊಂಡ ಅನ್ನೋದರ ಮೇಲೆ ನನ್ನ ಸೀಟು ನಿಂತಿಲ್ಲ. ಬೇರೆ ವಿಷಯ ಓದಿ ಬಂದವರು, ಅಂಕ ಕಮ್ಮಿ ಬಿದ್ದವರು, ಹತ್ತು ವರ್ಷ ಕೆಲಸ ಮಾಡಿ ಮತ್ತೆ ಓದಬೇಕು ಅಂದವರು, ಎಲ್ಲಾ ಥರದವರೂ ಆ ಕ್ಲಾಸಿನಲ್ಲಿರುತ್ತಾರೆ.

ಕೇಳೋಕೆ ಚೆನ್ನಾಗಿದೆ. ಆದರೆ ಅಲ್ಲೂ ಜಗಳ ಇದೆ, ದುಡ್ಡಿನ ಜಗಳ. 2019ರಲ್ಲಿ ಅಲ್ಲಿನ ಸರ್ಕಾರವೇ ನೇಮಿಸಿದ್ದ ಆಗರ್ ಸಮಿತಿ ಈ ಫೌಂಡೇಶನ್ ವರ್ಷಗಳಿಗೆ ಸರ್ಕಾರದ ಹಣ ನಿಲ್ಲಿಸಿ ಅಂತಲೇ ಶಿಫಾರಸು ಮಾಡಿತು. ಅದೇ ಕೆಲಸವನ್ನು ಊರಿನ ಕಾಲೇಜುಗಳಲ್ಲಿ ನಡೆಯುವ 'ಆಕ್ಸೆಸ್' ಡಿಪ್ಲೊಮಾ ಕಡಿಮೆ ಖರ್ಚಿನಲ್ಲಿ ಮಾಡುತ್ತದೆ, ಮಕ್ಕಳ ತಲೆ ಮೇಲೆ ಜಾಸ್ತಿ ಸಾಲ ಯಾಕೆ ಹೊರಿಸುತ್ತೀರಿ ಅನ್ನೋದು ಅವರ ವಾದ. ಸರ್ಕಾರ ಪೂರ್ತಿ ನಿಲ್ಲಿಸಲಿಲ್ಲ. 2025-26ರಿಂದ ಬರೀ ಕ್ಲಾಸ್‌ರೂಮಿನಲ್ಲಿ ಮುಗಿಯುವ ವಿಷಯಗಳ ಫೌಂಡೇಶನ್ ಫೀಯ ಮಿತಿಯನ್ನು 5,760 ಪೌಂಡಿಗೆ ಇಳಿಸಿತು. ಜೀವಶಾಸ್ತ್ರ ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಲ್ಯಾಬು ಬೇಕಲ್ಲ, ಹಾಗಾಗಿ ಆ ವರ್ಷ ಮಿತಿ 9,535 ಪೌಂಡೇ ಇತ್ತು. ಇದು ಅಲ್ಲಿನ ಮಕ್ಕಳಿಗೆ. ಜಮಖಂಡಿಯಿಂದ ಹೋಗುವವರಿಗೆ ಮಿತಿಯೇ ಇಲ್ಲ, ವಿಶ್ವವಿದ್ಯಾಲಯ ಹೇಳಿದ್ದೇ ಫೀ.

ಜೀವಶಾಸ್ತ್ರದ ಅಡಿಪಾಯ ಅಂದರೆ ಲ್ಯಾಬು ಇರಲೇಬೇಕು ಅಂತ ಅಲ್ಲಿನ ಫೀ ಪಟ್ಟಿಯೇ ಒಪ್ಪಿಕೊಂಡಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಕಡೆ ಬರೋಣ. ಪಿಯುಸಿ ಅನ್ನೋ ಮೂರು ಅಕ್ಷರ ಬಿಡಿಸಿ ನೋಡಿ. ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲಿನ ಕೋರ್ಸು ಅಂತ ಅದರ ಅರ್ಥ. ಇಲಾಖೆಯ ಹೆಸರೂ ಬಹಳ ಕಾಲ ಪದವಿ ಪೂರ್ವ ಶಿಕ್ಷಣ ಇಲಾಖೆ ಅಂತಲೇ ಇತ್ತು. ಈ ಹೆಸರು ಸುಮ್ನೆ ಬಂದದ್ದಲ್ಲ. 1952-53ರ ಮೊದಲಿಯಾರ್ ಆಯೋಗ ಹಳೆಯ ಇಂಟರ್‌ಮೀಡಿಯೆಟ್ ಬೇಡ ಅಂದಿತು. ಹೈಸ್ಕೂಲು ಮುಗಿಸಿ ಬರುವ ಮಗು ನೇರವಾಗಿ ಮೂರು ವರ್ಷದ ಪದವಿಗೆ ಹಾರಿದರೆ ಬೀಳುತ್ತದೆ, ಅದಕ್ಕೆ ನಡುವೆ ಒಂದು ವರ್ಷದ ತಯಾರಿ ಇರಲಿ ಅಂತ ಹೇಳಿತು. ಅದೇ ಪಿಯುಸಿ. ಆಗ ಅದು ಒಂದೇ ವರ್ಷದ್ದು, ವಿಶ್ವವಿದ್ಯಾಲಯಗಳ ಕೈಯಲ್ಲೇ ಇತ್ತು. ಆಮೇಲೆ 1964-66ರ ಕೊಠಾರಿ ಆಯೋಗ ಬಂತು, 10+2+3ರ ಮಾತು ಬಂತು, 70ರ ದಶಕದಲ್ಲಿ ನಮ್ಮಲ್ಲಿ ಪಿಯುಸಿ ಎರಡು ವರ್ಷ ಆಯಿತು.

ಅಂದರೆ ಇಂಗ್ಲೆಂಡಿನವರು ಈಗ ಮಾರುತ್ತಿರುವ ಸೊನ್ನೆಯ ವರ್ಷ ನಮ್ಮಲ್ಲಿ ಮೊದಲೇ ಇತ್ತು. ಒಂದಲ್ಲ, ಎರಡು ವರ್ಷ ಇದೆ. ಹಾಗಿದ್ದರೂ ಬಿ.ಎಸ್ಸಿ ಮೊದಲ ಸೆಮಿಸ್ಟರಿಗೆ ಬಂದು ಕೂರುವ ಮಕ್ಕಳು ತಯಾರಿ ಇಲ್ಲದೆ ಯಾಕೆ ಬರುತ್ತಾರೆ?

ಉತ್ತರ ನಿಮಗೂ ಗೊತ್ತು. ಆ ಎರಡು ವರ್ಷವನ್ನು ನೀಟ್ ತಗೊಂಡು ಬಿಟ್ಟಿದೆ. 180 ಪ್ರಶ್ನೆ, 180 ನಿಮಿಷ, 720 ಅಂಕ. ಅರ್ಧ ಜೀವಶಾಸ್ತ್ರವೇ, 90 ಪ್ರಶ್ನೆ, 360 ಅಂಕ. ಒಂದು ಪ್ರಶ್ನೆಗೆ ಒಂದು ನಿಮಿಷ. ಜೀವಶಾಸ್ತ್ರ ಬೇಗ ಮುಗಿಸಿ ಉಳಿದ ಸಮಯ ಫಿಸಿಕ್ಸಿಗೆ ಇಟ್ಟುಕೋ ಅಂತ ಕೋಚಿಂಗಿನವರೇ ಹೇಳಿಕೊಡುತ್ತಾರೆ. ನೋಡಿದ ಕೂಡಲೇ ಉತ್ತರ ಹೊಳೆಯಬೇಕು, ಯೋಚನೆ ಮಾಡಿದರೆ ಹಿಂದೆ ಬಿದ್ದೆ. 2024ರಲ್ಲಿ 23 ಲಕ್ಷಕ್ಕಿಂತ ಜಾಸ್ತಿ ಮಕ್ಕಳು ಪರೀಕ್ಷೆ ಬರೆದರು. ದೇಶದಲ್ಲಿ ಎಂಬಿಬಿಎಸ್ ಸೀಟು ಆಗ ಒಂದು ಲಕ್ಷ ಚಿಲ್ಲರೆ. ಉಳಿದವರೆಲ್ಲ ಎಲ್ಲಿಗೆ ಹೋದರು? ಅವರಲ್ಲಿ ಒಂದಿಷ್ಟು ಜನ ನನ್ನ ಕ್ಲಾಸಿಗೆ ಬರುತ್ತಾರೆ. ಜೀವಶಾಸ್ತ್ರ ಅಂದರೆ ತಾವು ಸೋತ ಪರೀಕ್ಷೆ ಅನ್ನುವ ಮುಖ ಹೊತ್ತು ಬರುತ್ತಾರೆ.

ಪಠ್ಯದಲ್ಲೂ ಒಂದು ಕತ್ತರಿ ಬಿದ್ದಿದೆ. ಕೊರೋನಾ ಹೊರೆ ಇಳಿಸುವ ಹೆಸರಲ್ಲಿ ಎನ್‌ಸಿಇಆರ್‌ಟಿ 2022ರಲ್ಲಿ ಹಲವು ಅಧ್ಯಾಯ ತೆಗೆಯಿತು. 11ನೇ ತರಗತಿಯ ಜೀವಶಾಸ್ತ್ರದಿಂದ ಹೋದದ್ದರಲ್ಲಿ ಸಸ್ಯಗಳಲ್ಲಿ ಸಾಗಾಣಿಕೆ, ಖನಿಜ ಪೋಷಣೆ, ಜೀರ್ಣಕ್ರಿಯೆ ಇವೆ. 12ರಿಂದ ಆಹಾರ ಉತ್ಪಾದನೆ ಹೆಚ್ಚಿಸುವ ಅಧ್ಯಾಯವೂ ಪರಿಸರ ಸಮಸ್ಯೆಗಳ ಅಧ್ಯಾಯವೂ ಹೋದವು. 10ನೇ ತರಗತಿಯಿಂದ ವಿಕಾಸವಾದ ಹೋದ ಗಲಾಟೆ ಎಲ್ಲರಿಗೂ ನೆನಪಿದೆ, ಇವುಗಳ ಬಗ್ಗೆ ಯಾರೂ ಅಷ್ಟು ಮಾತಾಡಲಿಲ್ಲ. ಯೋಚನೆ ಮಾಡಿ. ಮುಧೋಳದ ಕಬ್ಬಿನ ರೈತನ ಮಗ. ಬೇರಿನಿಂದ ನೀರು ಎಲೆಗೆ ಹೇಗೆ ಏರುತ್ತದೆ, ಯೂರಿಯಾದ ಸಾರಜನಕ ಗಿಡಕ್ಕೆ ಯಾಕೆ ಬೇಕು, ಈ ಎರಡು ಪಾಠ ಆ ಪುಸ್ತಕದಲ್ಲಿ ಅವನಿಗೆ ಸಿಗೋದಿಲ್ಲ. ಅವನ ಊರಿನ ಅರ್ಧ ಮಾತುಕತೆ ಇದೇ ಅಲ್ವಾ?

ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ನಾನು ಬಿ.ಎಸ್ಸಿ ಮೊದಲ ವರ್ಷ ಸೇರಿದಾಗ ಮೈಕ್ರೋಸ್ಕೋಪನ್ನು ಅದುವರೆಗೆ ಮುಟ್ಟಿರಲಿಲ್ಲ. ಪಿಯುಸಿಯಲ್ಲಿ ರೆಕಾರ್ಡ್ ಇತ್ತು, ಪ್ರಾಕ್ಟಿಕಲ್ ಪರೀಕ್ಷೆಯೂ ಆಗಿತ್ತು, ಅಂಕವೂ ಬಂದಿತ್ತು. ರೆಕಾರ್ಡನ್ನು ಹಿಂದಿನ ವರ್ಷದ ಹುಡುಗನದು ನೋಡಿ ಬರೆದಿದ್ದೆ. ಅವನು ಅವನ ಹಿಂದಿನವನದು ನೋಡಿ ಬರೆದಿದ್ದ. ಪದವಿ ಕಾಲೇಜಿನ ಮೊದಲ ಲ್ಯಾಬಿನಲ್ಲಿ ಈರುಳ್ಳಿ ಸಿಪ್ಪೆ ಇಟ್ಟು ನೋಡಿ ಅಂದರು. ನೋಡಿದೆ. ಕಪ್ಪು ಅಂಚಿನ ದುಂಡನೆಯ ಚೆಂದದ ಜೀವಕೋಶ ಕಂಡಿತು. ಪೆನ್ಸಿಲಿನಿಂದ ಬಿಡಿಸಿ, ನಡುವೆ ಕೋಶಕೇಂದ್ರವನ್ನೂ ಇಟ್ಟು ತೋರಿಸಿದೆ. ನಮ್ಮ ಮೇಡಂ ಬಗ್ಗಿ ನೋಡಿ, ನಕ್ಕು ಹೇಳಿದರು: "ಇದು ಗಾಳಿ ಗುಳ್ಳೆ." ಕವರ್ ಸ್ಲಿಪ್ಪನ್ನು ಒಂದು ಕಡೆಯಿಂದ ಸೂಜಿಯಲ್ಲಿ ಆನಿಸಿ ನಿಧಾನಕ್ಕೆ ಇಳಿಸದಿದ್ದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಉಪಯೋಗ ಇರುತ್ತಿರಲಿಲ್ಲ, ಅದು ಕೈಗೆ ಬರಬೇಕಾದ ವಿದ್ಯೆ. ಕೋಶಕೇಂದ್ರವನ್ನು ಮಾತ್ರ ನಾನು ಎಲ್ಲಿಂದ ತಂದೆನೋ ಇವತ್ತಿಗೂ ಗೊತ್ತಿಲ್ಲ. ಪುಸ್ತಕದಲ್ಲಿ ಇತ್ತು, ಹಾಗಾಗಿ ಕಂಡಿತು!

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಈಗ 70 ಅಂಕ ಥಿಯರಿ, 30 ಅಂಕ ಪ್ರಾಕ್ಟಿಕಲ್. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಮೊದಲ ಸೆಮಿಸ್ಟರಿನ ಮೊದಲ ವಾರ ನಾನು ಕೇಳುವ ಪ್ರಶ್ನೆ ಒಂದೇ: ಬ್ಲೇಡು ಹಿಡಿದು ಸೆಕ್ಷನ್ (ಮೈಕ್ರೋಸ್ಕೋಪಿನಲ್ಲಿ ನೋಡೋಕೆ ತೆಳ್ಳಗೆ ಕೊಯ್ದ ತುಂಡು) ತೆಗೆದವರು ಕೈ ಎತ್ತಿ. ಏಳುವ ಕೈಗಳನ್ನು ಎಣಿಸೋಕೆ ನನ್ನ ಒಂದು ಕೈ ಬೆರಳು ಸಾಕು.

ಹಾಗಾಗಿ ಒಂದು ಸಣ್ಣ ಕೆಲಸದಿಂದ ಶುರು ಮಾಡುತ್ತೇನೆ. ಹಿಂಗಾರಿ ಜೋಳ ಎದ್ದ ಮೇಲೆ ನವೆಂಬರ್, ಡಿಸೆಂಬರಿನಲ್ಲಿ ಒಂದೊಂದು ಎಲೆ ತರೋಕೆ ಹೇಳುತ್ತೇನೆ. ಜೊತೆಗೆ ಒಂದು ಕಡಲೆ ಗಿಡದ ಎಲೆ. ಆಲೂಗಡ್ಡೆ ತುಂಡನ್ನು ಅರ್ಧ ಸೀಳಿ, ಎಲೆಯನ್ನು ಅದರ ನಡುವೆ ಸಿಕ್ಕಿಸಿ, ಹೊಸ ಬ್ಲೇಡಿನಿಂದ ಅಡ್ಡಕ್ಕೆ ತೆಳ್ಳಗೆ ಕೊಯ್ಯಬೇಕು. ಬ್ಲೇಡಿಗೆ ನೀರು ತಾಗಿಸಿಕೊಳ್ಳಬೇಕು. ಮೊದಲ ಇಪ್ಪತ್ತು ತುಂಡು ದಪ್ಪ ಬರುತ್ತವೆ. ಇಪ್ಪತ್ತೊಂದನೆಯದು ನೀರಲ್ಲಿ ಕಂಡೂ ಕಾಣದ ಹಾಗೆ ತೇಲುತ್ತದೆ. ಅದನ್ನು ಬ್ರಷ್ಷಿನಿಂದ ಎತ್ತಿ ಸ್ಲೈಡಿಗೆ ಇಟ್ಟು ನೋಡಿದರೆ, ಜೋಳದ ಎಲೆಯ ಒಂದೊಂದು ನರದ ಸುತ್ತ ದೊಡ್ಡ ದೊಡ್ಡ ಹಸಿರು ಕೋಶಗಳು ಮಾಲೆ ಕಟ್ಟಿಕೊಂಡು ಕೂತಿರುತ್ತವೆ. ಕಡಲೆ ಎಲೆಯಲ್ಲಿ ಆ ಮಾಲೆ ಇಲ್ಲ. ಜರ್ಮನ್ನಿನಲ್ಲಿ ಇದಕ್ಕೆ ಕ್ರಾಂಜ್ ಅಂದರು. ಕ್ರಾಂಜ್ ಅಂದರೆ ಮಾಲೆಯೇ.

ನೀಟ್ ಬರೆದ ಮಕ್ಕಳಿಗೆ ಕ್ರಾಂಜ್ ಅನಾಟಮಿ ಅನ್ನೋ ಪದ ಬಾಯಿಪಾಠ. ಈ ಮಾಲೆಯ ಕೋಶಗಳನ್ನೂ ಬಳಸಿ ಬೇರೆ ದಾರಿಯಲ್ಲಿ ಆಹಾರ ತಯಾರಿಸುವ ಗಿಡಗಳಿಗೆ ಸಿ4 ಗಿಡ ಅನ್ನುತ್ತಾರೆ. ಅವಕ್ಕೆ ಉದಾಹರಣೆ ಕೇಳಿದರೆ ಮೇಜ್, ಸೋರ್ಗಮ್ ಅಂತ ತಟ್ಟನೆ ಹೇಳುತ್ತಾರೆ. ಸೋರ್ಗಮ್ ಅಂದರೆ ಅವರು ಬೆಳಿಗ್ಗೆ ತಿಂದು ಬಂದ ರೊಟ್ಟಿಯ ಜೋಳ ಅಂತ ಹೇಳಿದಾಗ ಒಬ್ಬ ಹುಡುಗ ನಿಜವಾಗಿಯೂ ಬೆಚ್ಚಿ ನೋಡಿದ. ಬಿಸಿಲು ಜಾಸ್ತಿ ಇದ್ದು ನೀರು ಕಮ್ಮಿ ಇದ್ದಾಗಲೂ ಈ ಬೆಳೆ ಕೆಲಸ ನಿಲ್ಲಿಸಲ್ಲ, ಅದಕ್ಕೆ ಒಂದು ಕಾರಣ ಈ ಮಾಲೆ. ವಿಜಯಪುರದ ಊಟದ ತಟ್ಟೆಯಲ್ಲಿ ಜೋಳ ಯಾಕಿದೆ, ಭತ್ತ ಯಾಕಿಲ್ಲ ಅನ್ನೋದರ ಒಂದು ತುಂಡು ಉತ್ತರ ಅಲ್ಲಿದೆ. ಇನ್ನೊಂದು ವಿಷಯ. ಈ ಸಿ4 ದಾರಿಯನ್ನು 1966ರಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಅನ್ನೋ ವಿಜ್ಞಾನಿಗಳು ಬಿಡಿಸಿದ್ದು ಆಸ್ಟ್ರೇಲಿಯದಲ್ಲಿ, ಕಬ್ಬಿನ ಎಲೆಯ ಮೇಲೆ. ಅದಕ್ಕೂ ಮೊದಲು ಸುಳಿವು ಸಿಕ್ಕಿದ್ದು ಹವಾಯಿಯ ಕಬ್ಬಿನವರಿಗೆ. ಜಮಖಂಡಿ, ಅಥಣಿ, ಗೋಕಾಕದ ಮಕ್ಕಳಿಗೆ ಇದನ್ನು ಹೇಳುವಾಗ ಅವರ ಮುಖ ನೋಡಬೇಕು.

ಈ ಒಂದು ಲ್ಯಾಬಿಗೆ ಎರಡೂವರೆ ಗಂಟೆ ಬೇಕು. ನೀಟ್ ಲೆಕ್ಕದಲ್ಲಿ ಅದು 150 ಪ್ರಶ್ನೆಯ ಸಮಯ. ಯಾವ ಕೋಚಿಂಗೂ ಅಷ್ಟು ಸಮಯ ಒಂದು ಎಲೆಗೆ ಕೊಡಲ್ಲ. ಅವರನ್ನು ಬೈದು ಪ್ರಯೋಜನ ಇಲ್ಲ, ಅವರು ಮಾರುತ್ತಿರುವುದೇ ಬೇರೆ ಸಾಮಾನು.

ಕೈ ಆಯಿತು, ಇನ್ನು ಭಾಷೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರು ಜಿಲ್ಲೆಗಳ ಹಳ್ಳಿ ಮಕ್ಕಳಲ್ಲಿ ಬಹಳಷ್ಟು ಜನ ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬರುತ್ತಾರೆ. ಬೆಳಗಾವಿ ಕಡೆ ಮರಾಠಿ, ಉರ್ದು ಮಾಧ್ಯಮದವರೂ ಅದೇ ಬೆಂಚಿನಲ್ಲಿರುತ್ತಾರೆ. ಏಪ್ರಿಲಿನಲ್ಲಿ 'ಪತ್ರಹರಿತ್ತು' ಅಂತ ಬರೆದ ಕೈ ಜೂನಿನಲ್ಲಿ 'ಕ್ಲೋರೋಫಿಲ್' ಅಂತ ಬರೆಯಬೇಕು. ನಡುವೆ ಎರಡು ತಿಂಗಳು, ಅದೂ ಬೇಸಿಗೆ ರಜೆ. ಒಂದರಿಂದ ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆಗಳಲ್ಲಿ ವರ್ಷದ ಆರಂಭಕ್ಕೆ 'ಸೇತುಬಂಧ' ಅಂತ ಮಾಡುತ್ತಾರೆ, ಹಿಂದಿನ ತರಗತಿಯಲ್ಲಿ ಬಿಟ್ಟುಹೋದದ್ದನ್ನು ಕಟ್ಟಿಕೊಡೋಕೆ. ಹೊಳೆ ನಿಜವಾಗಿ ಅಗಲ ಆಗೋದು ಹತ್ತರ ನಂತರ. ಸೇತುವೆ ಅಲ್ಲಿಗೇ ಮುಗಿದುಹೋಗುತ್ತದೆ.

ಇಲ್ಲಿ ನನ್ನದೊಂದು ತಕರಾರೂ ಇದೆ. ಕನ್ನಡದಲ್ಲಿ ಕಲಿಸಿದರೆ ಎಲ್ಲಾ ಸುಲಭ ಅನ್ನುವವರು ಪತ್ರಹರಿತ್ತು, ದ್ಯುತಿಸಂಶ್ಲೇಷಣೆ ಅನ್ನೋ ಪದಗಳನ್ನು ಮನೆಯಲ್ಲಿ ಯಾರು ಆಡುತ್ತಾರೆ ಅಂತ ಒಮ್ಮೆ ಹೇಳಲಿ. ಮಗುವಿಗೆ ಎರಡೂ ಹೊಸವೇ. ಆದರೆ ಎರಡನ್ನೂ ಬಿಡಿಸಿ ಹೇಳಿದರೆ ಒಂದು ಮಜಾ ಇದೆ. ಗ್ರೀಕಿನಲ್ಲಿ ಕ್ಲೋರೋಸ್ ಅಂದರೆ ಹಸಿರು, ಫಿಲ್ಲೋನ್ ಅಂದರೆ ಎಲೆ. ಪತ್ರ ಅಂದರೆ ಎಲೆ, ಹರಿತ್ ಅಂದರೆ ಹಸಿರು. ಎರಡೂ 'ಎಲೆಹಸಿರು' ಅಷ್ಟೇ. ಫಿಲ್ ಅಂದರೆ ಎಲೆ ಅಂತ ಒಮ್ಮೆ ಗೊತ್ತಾದರೆ ಮೀಸೋಫಿಲ್ ಅಂದಾಗ ನಡುವಿನ ಎಲೆ ಭಾಗ ಅಂತ ತಾನೇ ಹೊಳೆಯುತ್ತದೆ. ಇಂಥ ಅರವತ್ತು, ಎಪ್ಪತ್ತು ಬೇರುಪದ ಕೈಗೆ ಸಿಕ್ಕರೆ ಜೀವಶಾಸ್ತ್ರದ ಇಂಗ್ಲಿಷಿನ ಅರ್ಧ ಭಯ ಹೋಗುತ್ತದೆ. ಇದಕ್ಕೆ ಹದಿನೈದು ದಿನ ಸಾಕು. ಆ ಹದಿನೈದು ದಿನ ಯಾವ ವೇಳಾಪಟ್ಟಿಯಲ್ಲೂ ಇಲ್ಲ. ನೀಟ್ 2017ರಿಂದ ಕನ್ನಡದಲ್ಲೂ ಬರೆಯಬಹುದು, ಬರೆಯುವವರು ಮಾತ್ರ ಬಹಳ ಕಮ್ಮಿ. ಎರಡು ವರ್ಷ ಇಂಗ್ಲಿಷಿನಲ್ಲಿ ಕೇಳಿದ ಪಾಠವನ್ನು ಪರೀಕ್ಷೆ ದಿನ ಕನ್ನಡದಲ್ಲಿ ಓದು ಅಂದರೆ ಯಾರಿಗಾದರೂ ತಲೆ ತಿರುಗುತ್ತದೆ.

ಮೂರನೆಯದು ಲೆಕ್ಕ. ಗಣಿತ ಬೇಡ ಅಂತಲೇ ಜೀವಶಾಸ್ತ್ರಕ್ಕೆ ಬಂದವರು ಇದನ್ನು ಓದಿ ಮುಖ ತಿರುಗಿಸಬಾರದು. 95 ಪರ್ಸೆಂಟಿನ ಆಲ್ಕೋಹಾಲ್ ಇದೆ, 70 ಪರ್ಸೆಂಟಿನದು 100 ಮಿಲಿ ಬೇಕು, ಎಷ್ಟು ತಗೊಳ್ಳುತ್ತೀರಿ? ಸೂತ್ರ ಬೋರ್ಡಿನ ಮೇಲೆ ಇದ್ದರೂ ಕ್ಲಾಸು ಮೌನ. ಉತ್ತರ ಸುಮಾರು 73.7 ಮಿಲಿ, ಉಳಿದದ್ದು ನೀರು. ಅದೇ ಮಕ್ಕಳಿಗೆ ಬೇರೆ ಥರ ಕೇಳಿದೆ. ದ್ರಾಕ್ಷಿಗೆ ಎಣ್ಣೆ, ಅಂದರೆ ಔಷಧಿ, ಹೊಡೆಯುವಾಗ ಲೀಟರಿಗೆ 2 ಮಿಲಿ ಅಂದರೆ 15 ಲೀಟರಿನ ಪಂಪಿಗೆ ಎಷ್ಟು? ಹಿಂದಿನ ಬೆಂಚಿನಿಂದ ತಕ್ಷಣ ಬಂತು: "30 ರೀ ಸರ್." ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ? "ಒಂದ್ ಕಿಲೋ ಮೈಲುತುತ್ತ, ಒಂದ್ ಕಿಲೋ ಸುಣ್ಣ, ನೂರ್ ಲೀಟರ್ ನೀರು." ಲೆಕ್ಕ ಮನೆಯಲ್ಲೇ ಇತ್ತು. ಅದು ದ್ರಾವಣದ ಸಾಂದ್ರತೆ ಹೇಳುವ ಮೋಲಾರಿಟಿಯ ತಮ್ಮ ಅಂತ ಯಾರೂ ಪರಿಚಯ ಮಾಡಿಸಿರಲಿಲ್ಲ.

ಲೆಕ್ಕ ಬಿಟ್ಟವರಿಗೆ ಮುಂದೆ ಒಂದು ಬಾಗಿಲು ಸದ್ದಿಲ್ಲದೆ ಮುಚ್ಚುತ್ತದೆ. ಐಸರ್ ಅನ್ನೋ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆಗಳ ಪ್ರವೇಶ ಪರೀಕ್ಷೆಯಲ್ಲಿ 60 ಪ್ರಶ್ನೆ: ಜೀವಶಾಸ್ತ್ರ, ರಸಾಯನ, ಭೌತ, ಗಣಿತ ತಲಾ 15. ಗಣಿತಕ್ಕೆ ವಿನಾಯಿತಿ ಇಲ್ಲ. ಒಳಗೆ ಹೋದ ಮೇಲೂ ಶುರುವಿನಲ್ಲಿ ಎಲ್ಲರಿಗೂ ಎಲ್ಲಾ ವಿಜ್ಞಾನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ 2011ರಲ್ಲಿ ನಾಲ್ಕು ವರ್ಷದ ಪದವಿ ಶುರು ಮಾಡಿದಾಗ ಮೊದಲ ಮೂರು ಸೆಮಿಸ್ಟರನ್ನು ಹೀಗೇ ಇಟ್ಟಿತು. ದೇಶದ ಅತಿ ಜಾಣ ಮಕ್ಕಳಿಗೇ ಒಂದೂವರೆ ವರ್ಷದ ಅಡಿಪಾಯ ಬೇಕು ಅಂತ ಅವರಿಗೆ ಅನಿಸಿದೆ. ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದು ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರದ ಬಿ.ಎಸ್ಸಿ) ಸೇರುವ ಹುಡುಗಿಗೆ ಮೊದಲ ಸೋಮವಾರದಿಂದಲೇ ನೇರ ಪಾಠ.

ವಿಷಯ ಬದಲಿಸುವ ಬಾಗಿಲಂತೂ ನಮ್ಮಲ್ಲಿ ಇನ್ನೂ ಬಿಗಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ಆರ್ಟ್ಸ್, ಕಾಮರ್ಸ್, ಸೈನ್ಸ್ ತೀರ್ಮಾನ ಆಗಿಬಿಡುತ್ತದೆ, ಬಹಳ ಸಲ ಹತ್ತಿರದ ಊರಲ್ಲಿ ಯಾವುದು ಇದೆಯೋ ಅದು. ಈಚೆಗೆ ಸ್ವಲ್ಪ ಸಡಿಲ ಆಗಿದೆ. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, 12ನೇ ತರಗತಿ ಮುಗಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿ ಪಾಸಾದವರೂ ನೀಟ್ ಬರೆಯಬಹುದು ಅಂದಿತು. ಯುಜಿಸಿಯ 2025ರ ನಿಯಮದಲ್ಲಿ, 12ರಲ್ಲಿ ಯಾವ ವಿಷಯ ಓದಿದ್ದರೂ ಪ್ರವೇಶ ಪರೀಕ್ಷೆ ಪಾಸಾದರೆ ಬೇರೆ ವಿಷಯದ ಪದವಿಗೆ ಸೇರಬಹುದು ಅಂತಿದೆ. ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ಹೊಸ್ತಿಲು ಎತ್ತರ ಇದೆ, ಮೆಟ್ಟಿಲು ಯಾರು ಹಾಕುತ್ತಾರೆ? ಇಂಗ್ಲೆಂಡಿನವರು ದುಬಾರಿ ಮೆಟ್ಟಿಲನ್ನಾದರೂ ಹಾಕಿದ್ದಾರೆ.

"ಇನ್ನೊಂದು ವರ್ಷ ಎಲ್ಲಿಂದ ತರೋದು ಸರ್, ಮೊದಲೇ ಮನೆಯಲ್ಲಿ ಕಷ್ಟ" ಅಂತ ತಂದೆತಾಯಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಸುತ್ತ ನೋಡಿ, ಆ ವರ್ಷ ಈಗಾಗಲೇ ಖರ್ಚಾಗುತ್ತಿದೆ. ನೀಟ್ ಆಗಲಿಲ್ಲ ಅಂತ 'ಲಾಂಗ್ ಟರ್ಮ್' ಕೋಚಿಂಗ್ ಸೇರಿದವರು ಒಂದು ವರ್ಷ ಕಳೆಯುತ್ತಾರೆ, ಕೆಲವರು ಎರಡು. ಅದಕ್ಕೆ ಹೊಲ ಲಾವಣಿಗೆ ಹಾಕಿದ ಮನೆ ನನಗೆ ಗೊತ್ತು. ಬಿ.ಎಸ್ಸಿ ಮೊದಲ ವರ್ಷದಲ್ಲಿ ಕೆಮಿಸ್ಟ್ರಿ ಬ್ಯಾಕ್‌ಲಾಗ್ ಬಿದ್ದು, ಮೂರು ವರ್ಷದ ಪದವಿಗೆ ನಾಲ್ಕು ವರ್ಷ ತಗೊಳ್ಳುವವರೂ ಒಂದು ವರ್ಷ ಕಳೆಯುತ್ತಾರೆ. ಲಾಂಗ್ ಟರ್ಮ್ ವರ್ಷದಲ್ಲಿ ಅದೇ ಹಳೆ ಪ್ರಶ್ನೆ ಮತ್ತೆ ಮತ್ತೆ. ಬ್ಯಾಕ್‌ಲಾಗ್ ವರ್ಷದಲ್ಲಿ ಮನೆಯಲ್ಲಿ ಕೂತು ಗೈಡು. ಎರಡರಲ್ಲೂ ಮೈಕ್ರೋಸ್ಕೋಪ್ ಇಲ್ಲ.

ಹೆಣ್ಣುಮಕ್ಕಳ ಲೆಕ್ಕ ಬೇರೆ. ಹುಡುಗ ಒಂದು ವರ್ಷ ಜಾಸ್ತಿ ತಗೊಂಡರೆ "ಓದಲಿ ಬಿಡ್ರಿ" ಅನ್ನುತ್ತಾರೆ. ಹುಡುಗಿ ತಗೊಂಡರೆ ಆ ವರ್ಷ ಮನೆಗೆ ಬರುವ ನೆಂಟರ ಮಾತೇ ಬದಲಾಗುತ್ತದೆ. ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯ ಇದೆ, ಈಗ ಅಕ್ಕಮಹಾದೇವಿ ಹೆಸರಿನಲ್ಲಿ. ಅದು ಇರುವುದರಿಂದಲೇ ಓದು ಮುಂದುವರಿಸಿದ ಹುಡುಗಿಯರು ಈ ಭಾಗದಲ್ಲಿ ಮನೆಮನೆಗೆ ಸಿಗುತ್ತಾರೆ. ಆದರೆ ಹೆಸರಿಗೇ 'ಹೆಚ್ಚುವರಿ ವರ್ಷ' ಅಂತ ಒಂದನ್ನು ತಂದರೆ ಮೊದಲು ಬಿಟ್ಟುಹೋಗುವವರು ಇವರೇ. ಇದೊಂದು ಕಾರಣಕ್ಕೆ ನಾನು ಪೂರ್ತಿ ಒಂದು ವರ್ಷದ ಪರ ಇಲ್ಲ.

ವರ್ಷಗಳ ಜಗಳ ನಮ್ಮ ರಾಜ್ಯಕ್ಕೆ ಹೊಸದಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಪದವಿ ತಂದರು. 2024-25ರಿಂದ ರಾಜ್ಯ ಶಿಕ್ಷಣ ನೀತಿಯ ಹೆಸರಲ್ಲಿ ಮತ್ತೆ ಮೂರಕ್ಕೆ ಇಳಿಸಿದರು. ಆ ನಾಲ್ಕನೇ ವರ್ಷ ಇರಬೇಕೋ ಬೇಡವೋ ಅಂತ ಮೂರು ವರ್ಷ ಕಿತ್ತಾಡಿದೆವು. ಮಗು ಕೊನೆಯಲ್ಲಿ ಎಷ್ಟು ವರ್ಷ ಇರಬೇಕು ಅನ್ನೋದೇ ಚರ್ಚೆ ಆಯಿತು. ಬಂದ ಮೊದಲ ನೂರು ದಿನ ಏನು ಮಾಡಬೇಕು ಅನ್ನೋದನ್ನು ಯಾವ ಕಡೆಯವರೂ ಕೇಳಲಿಲ್ಲ.

ನನ್ನ ಲೆಕ್ಕಾಚಾರ ಸರಳ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೋ, ಈ ಭಾಗದ ಬೇರೆ ವಿಶ್ವವಿದ್ಯಾಲಯವೋ, ಮೊದಲ ಸೆಮಿಸ್ಟರಿನಲ್ಲಿ ಹತ್ತು ವಾರ ಬಿಟ್ಟುಕೊಡಲಿ. ಸಿಲೆಬಸ್ಸು ಆಮೇಲೆ. ವಾರಕ್ಕೆ ಮೂರು ದಿನ ಲ್ಯಾಬು, ಉಳಿದ ದಿನ ಬೇರುಪದ ಮತ್ತು ಲೆಕ್ಕ. ಅಂಕ ಬೇಡ, ಹಾಜರಿ ಸಾಕು. ಕನ್ನಡ ಮಾಧ್ಯಮದವರಿಗೆ ಮಾತ್ರ ಅಂತ ಬೇರೆ ಬ್ಯಾಚ್ ಮಾಡಬಾರದು. ಮಾಡಿದ ದಿನವೇ ಅದು 'ದಡ್ಡರ ಬ್ಯಾಚ್' ಆಗುತ್ತದೆ, ಮಕ್ಕಳು ಅಡಗಿಕೊಂಡು ಬರುತ್ತಾರೆ. ಮೈಕ್ರೋಸ್ಕೋಪ್ ಮುಟ್ಟದಿರುವ ವಿಷಯದಲ್ಲಿ ಇಂಗ್ಲಿಷ್ ಮಾಧ್ಯಮದವರೂ ಸಮಾನರೇ, ಅದರಲ್ಲಿ ಭೇದ ಇಲ್ಲ! ಖರ್ಚು ಬ್ಲೇಡು, ಆಲೂಗಡ್ಡೆ, ಸ್ಲೈಡು. ಹೌದು, ಮೇಷ್ಟರೂ ಬೇಕು. ಅತಿಥಿ ಉಪನ್ಯಾಸಕರಿಗೆ ಪಾಠದ ಗಂಟೆ ಲೆಕ್ಕ ಹಾಕಿ ಕೆಲಸ ಕೊಡುವ ಕಡೆ ಈ ಲ್ಯಾಬಿನ ಗಂಟೆಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ ಅನ್ನೋದು ನಿಜವಾದ ತೊಡಕು. ಯೋಜನೆ ಬಿದ್ದರೆ ಅಲ್ಲೇ ಬೀಳುತ್ತದೆ.

ವಿದೇಶಕ್ಕೆ ಹೊರಟವರಿಗೆ ಒಂದೆರಡು ಮಾತು, ಯಾಕೆಂದರೆ ಏಜೆಂಟರು ಇದನ್ನು ಹೇಳಲ್ಲ. ಬ್ರಿಟನ್ನಿನ ಎಷ್ಟೋ ವಿಶ್ವವಿದ್ಯಾಲಯಗಳು ನಮ್ಮ 12ನೇ ತರಗತಿಯನ್ನು ಒಪ್ಪುತ್ತವೆ. ಜೀವಶಾಸ್ತ್ರ, ರಸಾಯನಶಾಸ್ತ್ರ ಓದಿ ಒಳ್ಳೆ ಅಂಕ ಇದ್ದರೆ ನೇರ ಮೊದಲ ವರ್ಷಕ್ಕೆ ಹೋಗಬಹುದು. ಆದ್ದರಿಂದ ಮೊದಲ ಪ್ರಶ್ನೆ ಫೌಂಡೇಶನ್ ಎಲ್ಲಿ ಮಾಡಲಿ ಅನ್ನೋದಲ್ಲ, ನನಗೆ ಅದು ಬೇಕಾ ಅನ್ನೋದು. ಎರಡನೆಯದು, ಆ ವರ್ಷ ಪದವಿಯ ಒಳಗೇ ಸೇರಿದೆಯಾ, ಅಥವಾ ಬೇರೆ ಸಂಸ್ಥೆ ನಡೆಸುವ ಪ್ರತ್ಯೇಕ ಕೋರ್ಸಾ? ಪ್ರತ್ಯೇಕ ಆದರೆ, ಎಷ್ಟು ಅಂಕ ಬಂದರೆ ಯಾವ ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳುತ್ತಾರೆ ಅಂತ ಬರಹದಲ್ಲಿ ಕೇಳಿ. ಪಾಸಾಗದಿದ್ದರೆ ದುಡ್ಡೂ ಹೋಯಿತು, ವರ್ಷವೂ ಹೋಯಿತು. ಅಕ್ಕನ ಮಗಳಿಗೆ ಪಿಸಿಎಂಬಿ ಇತ್ತು, ಪಿಯುಸಿ ಅಂಕವೂ ಚೆನ್ನಾಗಿದ್ದವು. ಅವಳಿಗೆ ಆ ಹೆಚ್ಚುವರಿ ವರ್ಷದ ಅಗತ್ಯವೇ ಇರಲಿಲ್ಲ. ಆದರೂ ಅವಳ ಕೈಗೆ ಬಂದ ಮೊದಲ ಕರಪತ್ರ ಫೌಂಡೇಶನ್ನಿನದೇ.

ಆಕೆ ಹೋಗಲಿಲ್ಲ. ಲಾಂಗ್ ಟರ್ಮಿಗೂ ಸೇರಲಿಲ್ಲ. ಬಾಗಲಕೋಟೆಯಲ್ಲಿ ಬಿ.ಎಸ್ಸಿ ಮೊದಲ ವರ್ಷ. ಮೊನ್ನೆ ರಾತ್ರಿ ಫೋನ್ ಬಂತು.

"ಮಾಮಾ, ಎಲಿ ಸೆಕ್ಷನ್ ತಗೀಬೇಕು ನಾಳೆ. ನಮ್ಮ ಕಡೆ ಜ್ವಾಳ ಹಾಕಿಲ್ಲ ಈ ಸಲ. ಕಬ್ಬಿನ ಎಲಿ ಆದ್ರ ನಡೀತೈತೇನು?"

"ನಡೀತೈತವ್ವಾ, ಭಾಳ ಛಲೋ ಬರ್ತೈತಿ. ಎಲಿ ಅಂಚು ಹುಷಾರು, ಬ್ಲೇಡಿಗಿಂತ ಮೊದ್ಲ ಅದಾ ಕೊಯ್ತೈತಿ."